ಸಾಹಸದ ಪುಸ್ತಕದಲ್ಲಿ ಸಿಕ್ಕ ನಗುವನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ?

ಪುಸ್ತಕ ಓದುತ್ತಾ ಕೂತ ಹುಡುಗಿ ಕಿಸಕ್ಕನೆ ನಗುತ್ತಾಳೆ. "ಏನೇ ಅದು, ನಮಗೂ ಹೇಳು" ಅಂತ ಅಜ್ಜಿ ಕೇಳುತ್ತಾರೆ. ಅವಳು ಆ ಒಂದು ಸಾಲನ್ನು ಓದಿ ಹೇಳುತ್ತಾಳೆ. ಅಜ್ಜಿ "ಹೂಂ, ಚೆನ್ನಾಗಿದೆ" ಅಂದು ಹೂ ಕಟ್ಟುವುದನ್ನು ಮುಂದುವರಿಸುತ್ತಾರೆ. ಹುಡುಗಿಯ ಮುಖ ಸಪ್ಪಗಾಗುತ್ತದೆ.

ಇದು ಬಹಳ ಮನೆಗಳಲ್ಲಿ ಆಗುವಂಥದ್ದೇ. ತಪ್ಪು ಸಾಲಿನದ್ದಲ್ಲ, ಅಜ್ಜಿಯದ್ದೂ ಅಲ್ಲ. ಸಾಹಸದ ಕಥೆಯಲ್ಲಿ ನಗು ಹುಟ್ಟುವುದೇ ಗಂಡಾಂತರದ ಪಕ್ಕದಲ್ಲಿ. ಯಾರೋ ಸಿಕ್ಕಿಬೀಳುವ ಹೊತ್ತು, ಯಾರೋ ದ್ವೀಪದಲ್ಲಿ ಒಂಟಿ, ಯಾರೋ ಸಾಯುವ ಹಾಗಿದ್ದಾರೆ. ಅಂಥ ಹೊತ್ತಲ್ಲಿ ಬರುವ ಒಂದು ಮಾತಿಗೆ ನಾವು ನಗುತ್ತೇವೆ. ಆ ಹುಡುಗಿ ಮಾತನ್ನು ಮಾತ್ರ ತಂದಳು, ಗಂಡಾಂತರವನ್ನು ಪುಸ್ತಕದಲ್ಲೇ ಬಿಟ್ಟು ಬಂದಳು. ಎರಡನ್ನೂ ಜೊತೆಗೆ ತರಬೇಕು. ಅದನ್ನು ಮಾಡುವ ಬಗೆಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಉದಾಹರಣೆಗೆ ನನಗೆ ತುಂಬಾ ಇಷ್ಟವಾದ ನಾಲ್ಕು ಪುಸ್ತಕ ಇಟ್ಟುಕೊಂಡಿದ್ದೇನೆ. ಅಮೆರಿಕದ ಮಾರ್ಕ್ ಟ್ವೇನ್ ಬರೆದ 'ಟಾಮ್ ಸಾಯರ್' (1876), ಸ್ಕಾಟ್ಲೆಂಡಿನ ಸ್ಟೀವನ್‌ಸನ್ ಬರೆದ 'ಟ್ರೆಷರ್ ಐಲೆಂಡ್' (1883), ಇಟಲಿಯ ಕೊಲ್ಲೋದಿ ಬರೆದ 'ಪಿನೋಕಿಯೋ' (1883), ಇಂಗ್ಲೆಂಡಿನ ಆರ್ಥರ್ ರ‍್ಯಾನ್ಸಮ್ ಬರೆದ 'ಸ್ವ್ಯಾಲೋಸ್ ಅಂಡ್ ಅಮೆಜಾನ್ಸ್' (1930). ಇಲ್ಲಿ ಕೊಟ್ಟಿರುವ ಸಾಲುಗಳ ಕನ್ನಡ ನನ್ನದೇ. ನೀವು ನಿಮ್ಮ ಮನೆಯ ಮಾತಿಗೆ ಹೊಂದಿಸಿಕೊಳ್ಳಬಹುದು.

ಮೊದಲ ಹಂತ: ನಕ್ಕ ಜಾಗದಲ್ಲೇ ಗುರುತು ಹಾಕಿ

ಓದುತ್ತಾ ನಕ್ಕಿರಾ? ಅಲ್ಲೇ ಒಂದು ಚೀಟಿ ಇಡಿ. "ಆಮೇಲೆ ಹುಡುಕಿದರಾಯ್ತು" ಅಂದರೆ ಸಿಗುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಕಳ್ಳರು ಬಂದಿರುತ್ತಾರೆ, ನಿಮ್ಮ ಮನಸ್ಸು ಅವರ ಹಿಂದೆ ಓಡಿರುತ್ತದೆ. ಪುಸ್ತಕ ಗ್ರಂಥಾಲಯದ್ದಾದರೆ ಪೆನ್ನಿನಲ್ಲಿ ಗೀಚಬೇಡಿ, ಬಸ್ ಟಿಕೆಟ್ ಆದರೂ ಸಾಕು.

ಅಧ್ಯಾಯ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪುಟದ ಸಂಖ್ಯೆಗಿಂತ ಅಧ್ಯಾಯದ ಸಂಖ್ಯೆ ಬರೆಯುವುದು ಒಳ್ಳೆಯದು. ಇಂಥ ಹಳೆಯ ಪುಸ್ತಕಗಳು ನೂರಾರು ಮುದ್ರಣ ಕಂಡಿವೆ, ನಿಮ್ಮ ಪ್ರತಿಯ 86ನೇ ಪುಟ ಗೆಳತಿಯ ಪ್ರತಿಯಲ್ಲಿ ಎಲ್ಲೋ ಇರುತ್ತದೆ. ಅಧ್ಯಾಯ ಮಾತ್ರ ಬದಲಾಗುವುದಿಲ್ಲ. ಸಾಲಿನ ಕೆಳಗೆ ಇಷ್ಟು ಸೇರಿಸಿ: ಯಾರು ಯಾರಿಗೆ ಹೇಳಿದ್ದು, ಆ ಹೊತ್ತಿಗೆ ಯಾರಿಗೆ ಏನು ಕಷ್ಟ ಬಂದಿತ್ತು. ಈ ಎರಡನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ. ನಾಳೆ ಸಾಲು ನಗಿಸುತ್ತದೋ ಇಲ್ಲವೋ ಅನ್ನುವುದು ಅದರ ಮೇಲೇ ನಿಂತಿದೆ.

ಎರಡನೇ ಹಂತ: ಹಂಚುವುದಕ್ಕೆ ತಕ್ಕ ಸಾಲು ಯಾವುದು ನೋಡಿ

ನಕ್ಕಿದ್ದೆಲ್ಲ ಹಂಚುವುದಕ್ಕೆ ಆಗುವುದಿಲ್ಲ. ಮೂರು ಅಧ್ಯಾಯದ ಕಥೆ ಹೇಳದೆ ಅರ್ಥವಾಗದ ಸಾಲನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎರಡು ಮೂರು ಮಾತಿನ ಹಿನ್ನೆಲೆಯಲ್ಲಿ ನಿಲ್ಲುವ ಸಾಲನ್ನು ಆರಿಸಿ.

'ಟ್ರೆಷರ್ ಐಲೆಂಡ್' ಪುಸ್ತಕದ 15ನೇ ಅಧ್ಯಾಯ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಡಲುಗಳ್ಳರಿಂದ ತಪ್ಪಿಸಿಕೊಂಡ ಜಿಮ್ ಎಂಬ ಹುಡುಗ ಆ ದ್ವೀಪದ ಕಾಡಿನಲ್ಲಿ ಒಬ್ಬನೇ ಓಡುತ್ತಿದ್ದಾನೆ. ಮರಗಳ ಮಧ್ಯೆ ಏನೋ ಸರಿದಾಡುತ್ತದೆ. ಕರಡಿಯೋ, ಕೋತಿಯೋ, ಮನುಷ್ಯನೋ ಗೊತ್ತಾಗುವುದಿಲ್ಲ. ಕೊನೆಗೆ ಎದುರಿಗೆ ಬಂದವನು ಬೆನ್ ಗನ್. ಜೊತೆಯವರೇ ಅವನನ್ನು ಈ ದ್ವೀಪದಲ್ಲಿ ಬಿಟ್ಟು ಹೋಗಿ 3 ವರ್ಷವಾಗಿದೆ. ಮೇಕೆ ಮಾಂಸ, ಕಾಡಿನ ಹಣ್ಣು, ಸಿಂಪಿಯ ಹುಳ ತಿಂದು ಬದುಕಿದ್ದಾನೆ. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯನನ್ನು ನೋಡುತ್ತಿದ್ದಾನೆ. ಅವನು ಕೇಳುವುದು ಏನು ಗೊತ್ತಾ?

"ನಿನ್ನ ಹತ್ತಿರ ಒಂದು ಚೂರು ಚೀಸ್ ಇದೆಯೇನಪ್ಪಾ? ಇಲ್ವಾ? ಎಷ್ಟೋ ರಾತ್ರಿ ನನ್ನ ಕನಸಿನಲ್ಲಿ ಚೀಸ್ ಬಂದಿದೆ. ಸುಟ್ಟ ಚೀಸು, ಹೆಚ್ಚಾಗಿ."

ಆ "ಹೆಚ್ಚಾಗಿ" ಇದೆಯಲ್ಲ, ಅಲ್ಲಿಗೇ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕನಸಿನ ಚೀಸು ಹಸಿಯದ್ದೋ ಸುಟ್ಟದ್ದೋ ಅನ್ನುವ ಲೆಕ್ಕ ಅವನಿಗೆ ನೆನಪಿದೆ. ನಗುವಿನ ಹಿಂದೆಯೇ ಅಯ್ಯೋ ಪಾಪ ಅನ್ನಿಸುತ್ತದೆ. ಅಷ್ಟು ಕಾಲ ಒಬ್ಬನೇ ಇದ್ದವನ ಮನಸ್ಸು ಹೇಗಾಗಿರುತ್ತದೆ ಅನ್ನುವುದನ್ನು ಒಂದು ಪುಟ ವಿವರಿಸಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಈ ಸಾಲಿಗೆ ಬೇಕಾದ ಹಿನ್ನೆಲೆ ಎಷ್ಟು? "ಮೂರು ವರ್ಷ ದ್ವೀಪದಲ್ಲಿ ಒಬ್ಬನೇ ಇದ್ದವನು ಮೊದಲ ಸಲ ಮನುಷ್ಯನನ್ನು ಕಂಡ" ಅಂದರೆ ಮುಗಿಯಿತು.

ಚೀಸ್ ಅನ್ನು ಬೆಲ್ಲ ಮಾಡಬೇಡಿ, ಬೆಣ್ಣೆಯನ್ನೂ ಮಾಡಬೇಡಿ. ಅದು ಇಂಗ್ಲಿಷ್ ನಾವಿಕನ ಆಸೆ, ಹಾಗೇ ಇರಲಿ. ಈಗಿನ ಮಕ್ಕಳಿಗೆ ಚೀಸ್ ಗೊತ್ತು.

ಅದೇ 'ಟಾಮ್ ಸಾಯರ್' ಪುಸ್ತಕದ 4ನೇ ಅಧ್ಯಾಯದ ಸಾಲು ನೋಡಿ. ಭಾನುವಾರದ ಚರ್ಚ್ ಪಾಠಶಾಲೆ. ಬೈಬಲ್ ವಚನ ಬಾಯಿಪಾಠ ಮಾಡಿದವರಿಗೆ ಚೀಟಿ ಕೊಡುತ್ತಾರೆ, ಸಾಕಷ್ಟು ಚೀಟಿ ಕೂಡಿದರೆ ಬೈಬಲ್ ಬಹುಮಾನ. ಟಾಮ್ ಏನನ್ನೂ ಕಲಿಯದೆ ಬೇರೆ ಹುಡುಗರ ಚೀಟಿಗಳನ್ನು ಸಾಮಾನು ಕೊಟ್ಟು ಕೊಂಡುಕೊಂಡಿದ್ದಾನೆ. ಈಗ ದೊಡ್ಡ ನ್ಯಾಯಾಧೀಶರ ಎದುರು ನಿಂತಿದ್ದಾನೆ. "ಯೇಸುವಿನ ಮೊದಲ ಇಬ್ಬರು ಶಿಷ್ಯರು ಯಾರು, ಹೇಳು ನೋಡೋಣ" ಅಂತ ಕೇಳುತ್ತಾರೆ. ಟಾಮ್ ಬಾಯಿಂದ ಬರುವುದು: "ದಾವೀದ ಮತ್ತು ಗೊಲ್ಯಾತ!"

ಬೈಬಲ್ ಕಥೆ ಗೊತ್ತಿರುವ ಮಗುವಿಗೆ ಇದಕ್ಕಿಂತ ದೊಡ್ಡ ನಗು ಬೇಕಿಲ್ಲ. ದಾವೀದ, ಗೊಲ್ಯಾತ ಇಬ್ಬರೂ ಯೇಸುವಿಗಿಂತ ಎಷ್ಟೋ ಮೊದಲಿನವರು, ಅದೂ ಒಬ್ಬರನ್ನೊಬ್ಬರು ಕೊಲ್ಲಲು ನಿಂತವರು. ಆದರೆ ಗೊತ್ತಿಲ್ಲದ ಮಗುವಿಗೆ ಇಷ್ಟೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ನಗು ಆರಿ ಹೋಗಿರುತ್ತದೆ. ಹಾಗಾಗಿ ಸಾಲನ್ನು ಆರಿಸುವಾಗ ಕೇಳುವವರು ಯಾರು ಅನ್ನುವುದನ್ನೂ ನೋಡಬೇಕು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ಅವರಿಗೆ ಬೇರೆ ಸಾಲು ಹುಡುಕಿ.

ಮೂರನೇ ಹಂತ: ಕಷ್ಟವನ್ನು ಮೊದಲು ಹೇಳಿ, ಗಂಭೀರವಾಗಿ ಹೇಳಿ

ಇದೇ ಮುಖ್ಯ ಹಂತ. "ಒಂದು ತಮಾಷೆ ಹೇಳ್ತೀನಿ ಕೇಳು" ಅಂತ ಶುರು ಮಾಡಲೇಬೇಡಿ. ಹಾಗಂದ ತಕ್ಷಣ ಎದುರಿನವರು "ಸರಿ, ನಗಿಸು ನೋಡೋಣ" ಅಂತ ಕೈಕಟ್ಟಿ ಕೂರುತ್ತಾರೆ. ಅದರ ಬದಲು ಕಥೆಯ ಕಷ್ಟದಿಂದ ಶುರು ಮಾಡಿ.

ರ‍್ಯಾನ್ಸಮ್ ಪುಸ್ತಕದ ಒಂದು ತಂತಿ (ಟೆಲಿಗ್ರಾಂ) ಸಂದೇಶವನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಸರೋವರ ಸೀಮೆ. ಜಾನ್, ಸೂಸನ್, ಟಿಟ್ಟಿ, ರಾಜರ್ ಅನ್ನುವ ನಾಲ್ಕು ಮಕ್ಕಳಿಗೆ ಸರೋವರದ ನಡುವಿನ ದ್ವೀಪಕ್ಕೆ ತಾವೇ ದೋಣಿ ನಡೆಸಿಕೊಂಡು ಹೋಗಿ, ಅಲ್ಲೇ ಡೇರೆ ಹಾಕಿ ಇರಬೇಕು ಅಂತ ಆಸೆ. ದೊಡ್ಡವರು ಯಾರೂ ಜೊತೆಗಿಲ್ಲ. ಅಮ್ಮ ಒಬ್ಬರೇ ನಿರ್ಧಾರ ಮಾಡುವ ವಿಷಯ ಅಲ್ಲ. ಅಪ್ಪ ನೌಕಾಪಡೆಯಲ್ಲಿ, ದೂರದ ಹಡಗಿನಲ್ಲಿದ್ದಾರೆ. ಕಾಗದ ಬರೆದು ಮಕ್ಕಳು ದಿನ ಎಣಿಸುತ್ತಿದ್ದಾರೆ. ಕೊನೆಗೆ ತಂತಿ ಬರುತ್ತದೆ:

"ಪೆದ್ದರಾಗಿರುವುದಕ್ಕಿಂತ ಮುಳುಗಿದ್ದೇ ವಾಸಿ. ಪೆದ್ದರಲ್ಲದಿದ್ದರೆ ಮುಳುಗುವುದಿಲ್ಲ."

ಇದನ್ನು ಬರೀ ಹೀಗೇ ಕಳಿಸಿದರೆ "ಎಂಥ ಅಪ್ಪ ಇವನು?" ಅನ್ನುತ್ತಾರೆ. ಕಾಯುತ್ತಿದ್ದ ಮಕ್ಕಳ ಸಂಕಟ ಹೇಳಿ ಆಮೇಲೆ ಓದಿದರೆ, ಹೌದು ಅಂದಿದ್ದಾರೋ ಇಲ್ಲ ಅಂದಿದ್ದಾರೋ ಅಂತ ಕೇಳುವವರೂ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾರೆ. ಮಕ್ಕಳ ಮೇಲೆ ಆ ಅಪ್ಪನಿಗೆ ಎಷ್ಟು ಭರವಸೆ ಅನ್ನುವುದು ಆಮೇಲೆ ಹೊಳೆಯುತ್ತದೆ. ಆಗ ನಗು ಬರುತ್ತದೆ.

ಇಲ್ಲಿ ಒಂದು ಸಣ್ಣ ಸಿದ್ಧತೆ ಬೇಕು. ತಂತಿ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ತಿಳಿಯದು. ನಮ್ಮ ದೇಶದಲ್ಲಿ ಆ ಸೇವೆ 2013ರ ಜುಲೈನಲ್ಲೇ ನಿಂತಿತು. ಪದಕ್ಕೆ ಇಷ್ಟು ಅಂತ ದುಡ್ಡು, ಅದಕ್ಕೇ ಎಲ್ಲರೂ ಚುಟುಕಾಗಿ ಬರೆಯುತ್ತಿದ್ದರು ಅನ್ನುವುದನ್ನು ಕಥೆ ಶುರು ಮಾಡುವ ಮೊದಲೇ ಹೇಳಿಬಿಡಿ. ಸಾಲು ಓದಿದ ಮೇಲೆ ವಿವರಣೆಗೆ ಇಳಿದರೆ ಅದು ಪಾಠವಾಗುತ್ತದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ತಂತಿಯ ವಿಷಯವನ್ನು ಅವರ ಬಾಯಿಂದಲೇ ಹೇಳಿಸಿ, ಅವರೂ ಕಥೆಗೆ ಸೇರಿಕೊಳ್ಳುತ್ತಾರೆ.

ನಾಲ್ಕನೇ ಹಂತ: ನಗು ಇರುವ ಮಾತು ಕೊನೆಗೆ ಬರಲಿ

ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವಾಗ ಪದಕ್ಕೆ ಪದ ಇಟ್ಟು ಹೋಗಬೇಡಿ. ಯಾರು ಯಾರಿಗೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಟಾಮ್‌ನನ್ನು ಸಾಕುತ್ತಿರುವ ಪಾಲಿ ಅವನ ತೀರಿಕೊಂಡ ತಾಯಿಯ ಅಕ್ಕನೋ ತಂಗಿಯೋ, ಪುಸ್ತಕದಲ್ಲಿ ವಯಸ್ಸಾದಾಕೆ. ಹಾಗಾಗಿ ನಾನು ಆಕೆಯನ್ನು ದೊಡ್ಡಮ್ಮ ಅನ್ನುತ್ತೇನೆ. ಅತ್ತೆ ಅಂದರೆ ಸಂಬಂಧವೇ ತಪ್ಪುತ್ತದೆ. ದೊಡ್ಡಮ್ಮ ಅಂದ ಕೂಡಲೇ ಅವರಿಬ್ಬರ ಜಗಳ, ಸಲಿಗೆ, ಭಯ ಎಲ್ಲವೂ ನಮ್ಮ ಕಿವಿಗೆ ಸರಿಯಾಗಿ ಕೇಳತೊಡಗುತ್ತದೆ.

ಆ ಪುಸ್ತಕದ 12ನೇ ಅಧ್ಯಾಯ ನನಗೆ ಎಲ್ಲಕ್ಕಿಂತ ಮೆಚ್ಚು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಹಿನ್ನೆಲೆಯನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಟಾಮ್ ಮಂಕಾಗಿದ್ದಾನೆ. ಅವನಿಗೆ ಇಷ್ಟವಾದ ಹುಡುಗಿ ಬೆಕಿಗೆ ಹುಷಾರಿಲ್ಲ, ಶಾಲೆಗೆ ಬರುತ್ತಿಲ್ಲ. ದೊಡ್ಡಮ್ಮನಿಗೆ ಅದು ಗೊತ್ತಿಲ್ಲ, ಹುಡುಗನಿಗೇ ಏನೋ ಕಾಯಿಲೆ ಅಂತ ಗಾಬರಿ. ಆಕೆಗೋ ಹೊಸ ಹೊಸ ಔಷಧದ ಹುಚ್ಚು. ತಣ್ಣೀರು ಸುರಿದದ್ದಾಯಿತು, ಬಿಸಿನೀರಿನ ಸ್ನಾನವಾಯಿತು, ಪಟ್ಟು ಹಾಕಿದ್ದಾಯಿತು. ಕೊನೆಗೆ ನೋವು ನಿವಾರಕ ಅಂತ ಒಂದು ಬಾಟಲಿ ತರಿಸುತ್ತಾಳೆ. ನೀರಿನ ರೂಪದ ಬೆಂಕಿ ಅದು. ಟಾಮ್ ಒಂದು ಉಪಾಯ ಹೂಡುತ್ತಾನೆ. ಔಷಧ ತನಗೆ ಬಹಳ ಇಷ್ಟ ಅನ್ನುವ ಹಾಗೆ ನಟಿಸಿ ಗಳಿಗೆಗೊಂದು ಸಲ ಕೇಳಿ ಪೀಡಿಸುತ್ತಾನೆ. "ಹೋಗು, ನೀನೇ ಹಾಕ್ಕೊಂಡು ಕುಡಿ" ಅನ್ನುತ್ತಾಳೆ ಆಕೆ. ಬಾಟಲಿ ಖಾಲಿಯಾಗುತ್ತಾ ಬರುತ್ತದೆ. ಆದರೆ ಹುಡುಗ ಆ ಔಷಧದಿಂದ ಪಡಸಾಲೆಯ ನೆಲದ ಬಿರುಕಿನ ಆರೋಗ್ಯ ಸುಧಾರಿಸುತ್ತಿದ್ದಾನೆ ಅಂತ ಆಕೆಗೆ ಹೊಳೆಯುವುದಿಲ್ಲ.

ಇಲ್ಲಿ ಒಂದು ಉಸಿರು ನಿಲ್ಲಿ. ನೆಲದ ಬಿರುಕು ಅನ್ನುವುದು ಕೇಳುವವರ ತಲೆಗೆ ಹೋಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಗುವಿನ ಪದ ಮಧ್ಯದಲ್ಲಿ ಸಿಕ್ಕಿಕೊಳ್ಳುವುದುಂಟು. ಹಾಗಾದಾಗ ವಾಕ್ಯವನ್ನು ಎರಡು ಮಾಡಿ. "ಹುಡುಗ ಔಷಧ ಕೊಡುತ್ತಿದ್ದದ್ದು ನಿಜ. ಯಾರಿಗೆ? ನೆಲದ ಬಿರುಕಿಗೆ." ಹೀಗೆ ಹೇಳಿದರೂ ತಪ್ಪೇನಿಲ್ಲ, ಕೆಲವು ಸಲ ಇದೇ ಚೆನ್ನ.

ಮುಂದೆ ಪೀಟರ್ ಅನ್ನುವ ಬೆಕ್ಕು ಬಂದು ಚಮಚವನ್ನೇ ಆಸೆಗಣ್ಣಿನಿಂದ ನೋಡುತ್ತದೆ. "ಬೇಕೇ ಬೇಕು ಅನ್ನಿಸಿದರೆ ಮಾತ್ರ ಕೇಳು ಪೀಟರ್" ಅನ್ನುತ್ತಾನೆ ಟಾಮ್. ಬೆಕ್ಕು ಬೇಕು ಅನ್ನುವ ಹಾಗೆ ಇರುತ್ತದೆ. "ಯೋಚನೆ ಮಾಡಿ ಹೇಳು." ಬೆಕ್ಕು ಯೋಚನೆ ಮಾಡಿಯಾಗಿದೆ. ಬಾಯಿ ಬಿಡಿಸಿ ಔಷಧ ಸುರಿಯುತ್ತಾನೆ. ಬೆಕ್ಕು ಚಂಗನೆ ಎಗರಿ, ಕಿರುಚಿ, ಕೋಣೆ ತುಂಬ ಸುತ್ತಿ, ಹೂಕುಂಡ ಕೆಡವಿ, ಪಲ್ಟಿ ಹೊಡೆದು, ಉಳಿದ ಹೂಕುಂಡಗಳ ಸಮೇತ ಕಿಟಕಿಯಿಂದ ಹಾರುತ್ತದೆ. ಆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಬಾಗಿಲಲ್ಲಿ. ಚಮಚ ಸಿಕ್ಕಿಬೀಳುತ್ತದೆ. ಹುಡುಗನ ಕಿವಿ ಹಿಡಿದೆತ್ತುತ್ತಾಳೆ.

"ಬಾಯಿಲ್ಲದ ಪ್ರಾಣಿಗೆ ಯಾಕೋ ಹಾಗೆ ಮಾಡಿದೆ?"

"ಪಾಪ ಅನ್ನಿಸ್ತು ದೊಡ್ಡಮ್ಮ. ಅದಕ್ಕೆ ದೊಡ್ಡಮ್ಮ ಇಲ್ವಲ್ಲ."

ಇಲ್ಲಿಗೆ ನಿಲ್ಲಿಸಿ. ಕೇಳುವವರು ನಕ್ಕು ಮುಗಿಸುವವರೆಗೂ ಬಾಯಿ ಬಿಡಬೇಡಿ. ಆಮೇಲೆ ಉಳಿದದ್ದನ್ನು ಹೇಳಿ. "ಅದಕ್ಕೂ ಇದಕ್ಕೂ ಏನೋ ಸಂಬಂಧ, ಪೆದ್ದೆ?" ಅಂತ ಆಕೆ ಕೇಳಿದರೆ, "ಇದ್ದಿದ್ದರೆ ಅವಳೇ ಅದರ ಹೊಟ್ಟೆ ಸುಟ್ಟಿರುತ್ತಿದ್ದಳು" ಅನ್ನುತ್ತಾನೆ ಹುಡುಗ. ದೊಡ್ಡಮ್ಮನಿಗೆ ಕರುಳು ಚುರುಕ್ ಅನ್ನುತ್ತದೆ. ಬೆಕ್ಕಿಗೆ ಹಿಂಸೆ ಆದದ್ದು ಹುಡುಗನಿಗೂ ಹಿಂಸೆ ಆಗಿರಬಹುದಲ್ಲ ಅಂತ ಆಕೆಗೆ ಅನ್ನಿಸುತ್ತದೆ. ತಲೆ ಸವರುತ್ತಾಳೆ. ಮಕ್ಕಳಿಗೆ ಈ ಭಾಗ ಯಾಕೆ ಇಷ್ಟ ಅಂದರೆ, ದೊಡ್ಡವರ ಮುಂದೆ ಹೇಳಲಾಗದ ಒಂದು ನಿಜವನ್ನು ಟಾಮ್ ಬೆಕ್ಕಿನ ಹೆಸರಲ್ಲಿ ಹೇಳಿಬಿಟ್ಟ. ದೊಡ್ಡವಳು ಅದನ್ನು ಕೇಳಿಸಿಕೊಂಡಳು ಕೂಡ.

ಬೆಕ್ಕಿಗೆ ಔಷಧ ಕುಡಿಸುವುದು ಆಟವಲ್ಲ ಅಂತ ಚಿಕ್ಕ ಮಕ್ಕಳಿಗೆ ಹೇಳಬೇಕಾಗುತ್ತದೆ. ಹೇಳಿ, ಆದರೆ ಕಥೆಯ ಮಧ್ಯದಲ್ಲಿ ಬೇಡ.

ಐದನೇ ಹಂತ: ಪಟ್ಟಿ ಬಂದರೆ ಒಂದೇ ಓಟದಲ್ಲಿ ಓದಿ

ಸಾಹಸದ ಪುಸ್ತಕಗಳಲ್ಲಿ ನಗುವಿನ ಒಂದು ದೊಡ್ಡ ಗಣಿ ಅಂದರೆ ಪಟ್ಟಿಗಳು. ಟಾಮ್‌ಗೆ ಶನಿವಾರದ ಶಿಕ್ಷೆ, ಉದ್ದನೆಯ ಹಲಗೆ ಬೇಲಿಗೆ ಸುಣ್ಣ ಬಳಿಯಬೇಕು. ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಹೊಡೆದ ನಮ್ಮವರಿಗೆ ಆ ಕೈನೋವು ಗೊತ್ತು. ಅವನು ಅದನ್ನು ಭಾರಿ ಖುಷಿಯ ಕೆಲಸ ಅನ್ನುವ ಹಾಗೆ ಬಳಿಯುತ್ತಾ ನಿಲ್ಲುತ್ತಾನೆ. ಅಣಕಿಸಲು ಬಂದ ಗೆಳೆಯನಿಗೆ "ಹುಡುಗರಿಗೆ ದಿನಾ ಬೇಲಿಗೆ ಸುಣ್ಣ ಬಳಿಯೋ ಅವಕಾಶ ಸಿಗುತ್ತೇನೋ?" ಅನ್ನುತ್ತಾನೆ. ಅಷ್ಟೇ. ಒಬ್ಬೊಬ್ಬರೂ ಏನಾದರೂ ಕೊಟ್ಟು ಸುಣ್ಣ ಬಳಿಯುವ ಸರದಿ ಕೊಳ್ಳತೊಡಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವನ ಆಸ್ತಿ ಹೀಗಿದೆ, ನಾನು ಕೆಲವನ್ನಷ್ಟೇ ಆರಿಸಿದ್ದೇನೆ:

"ಹನ್ನೆರಡು ಗೋಲಿ, ನೀಲಿ ಬಾಟಲಿಯ ಒಂದು ಚೂರು, ಯಾವ ಬೀಗವನ್ನೂ ತೆರೆಯದ ಒಂದು ಬೀಗದ ಕೈ, ಒಂದು ತಗಡಿನ ಸಿಪಾಯಿ, ಎರಡು ಗೊದಮೊಟ್ಟೆ, ಆರು ಪಟಾಕಿ, ಒಂದೇ ಕಣ್ಣಿನ ಬೆಕ್ಕಿನ ಮರಿ, ನಾಯಿಯ ಕೊರಳಪಟ್ಟಿ, ನಾಯಿ ಮಾತ್ರ ಇಲ್ಲ, ಚಾಕುವಿನ ಹಿಡಿ, ಕಿತ್ತಳೆ ಸಿಪ್ಪೆಯ ನಾಲ್ಕು ತುಂಡು."

ಇದನ್ನು ಅಂಗಡಿಯವನು ಸಾಮಾನು ಲೆಕ್ಕ ಹಾಕುವ ಧಾಟಿಯಲ್ಲಿ ಓದಿ. "ನಾಯಿ ಮಾತ್ರ ಇಲ್ಲ" ಬಂದಾಗ ದನಿ ಎತ್ತಬೇಡಿ, ನಿಧಾನ ಮಾಡಬೇಡಿ, ನಗಬೇಡಿ. ಚಾಕುವಿನ ಹಿಡಿಗೆ ಹಾಗೇ ಹೋಗಿಬಿಡಿ. ಕೇಳುವವರಿಗೆ ಒಂದು ಪದ ತಡವಾಗಿ ಹೊಳೆಯುತ್ತದೆ. "ಏನು? ನಾಯಿ ಇಲ್ವಾ?" ಅಂತ ಅವರೇ ಕೇಳುತ್ತಾರೆ.

ನಮ್ಮ ಮಕ್ಕಳಿಗೆ ಪಟ್ಟಿಯ ನಗು ಹೊಸದೇನಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ ಅಂತ ಇಲಿಗಳ ಬಳಗವೇ ಬರುತ್ತದಲ್ಲ. ಬ್ರೌನಿಂಗ್ ಕವಿ ಇಂಗ್ಲಿಷಿನಲ್ಲಿ ಹೇಳಿದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ತುಂಗಾ ತೀರಕ್ಕೆ ತಂದ ಕವನ ಅದು. ಅದನ್ನು ಒಂದೇ ಉಸಿರಿನಲ್ಲಿ ಹೇಳಿ ರೂಢಿಯಿರುವ ಮಗು ಟಾಮ್‌ನ ಪಟ್ಟಿಯನ್ನು ನಿಮಗಿಂತ ಚೆನ್ನಾಗಿ ಓದುತ್ತದೆ. ಓದುವ ಕೆಲಸವನ್ನು ಅದಕ್ಕೇ ಕೊಡಿ.

ಆರನೇ ಹಂತ: ಇಬ್ಬರ ಮಾತಾದರೆ ಇಬ್ಬರು ಓದಿ

'ಪಿನೋಕಿಯೋ' 16ನೇ ಅಧ್ಯಾಯ. ಮರದ ಬೊಂಬೆ ಪಿನೋಕಿಯೋ ಸತ್ತ ಹಾಗೆ ಬಿದ್ದಿದೆ. ನೀಲಿ ಕೂದಲಿನ ಹುಡುಗಿ ವೈದ್ಯರನ್ನು ಕರೆಸಿ, ಬದುಕಿದ್ದಾನೋ ಸತ್ತಿದ್ದಾನೋ ಅಂತ ಕೇಳುತ್ತಾಳೆ. ಬಂದ ವೈದ್ಯರಲ್ಲಿ ಒಬ್ಬರು ಕಾಗೆ, ಇನ್ನೊಬ್ಬರು ಗೂಬೆ. ಮೊದಲು ಕಾಗೆ ನಾಡಿ ಹಿಡಿದು, ಮೂಗು ಮುಟ್ಟಿ, ಕಾಲಿನ ಕಿರುಬೆರಳು ಮುಟ್ಟಿ ನೋಡಿ ಗಂಭೀರವಾಗಿ ಹೇಳುತ್ತದೆ:

"ನನ್ನ ಪ್ರಕಾರ ಬೊಂಬೆ ಪೂರ್ತಿ ಸತ್ತಿದೆ. ಒಂದು ವೇಳೆ ಸತ್ತಿಲ್ಲ ಅಂತಾದರೆ, ಬದುಕಿದೆ ಅನ್ನುವುದಕ್ಕೆ ಅದೇ ಖಚಿತ ಗುರುತು."

ಆಗ ಗೂಬೆ: "ನನ್ನ ಗೆಳೆಯರ ಮಾತನ್ನು ಒಪ್ಪಲಾರೆ. ನನ್ನ ಪ್ರಕಾರ ಬೊಂಬೆ ಬದುಕಿದೆ. ಒಂದು ವೇಳೆ ಬದುಕಿಲ್ಲ ಅಂತಾದರೆ, ಸತ್ತಿದೆ ಅನ್ನುವುದಕ್ಕೆ ಅದೇ ಗುರುತು."

ಒಬ್ಬರೇ ಓದಿದರೆ ಎರಡನೆಯ ಮಾತು ಮೊದಲಿನದರಲ್ಲಿ ಕಲೆತು ಹೋಗುತ್ತದೆ. ಅಣ್ಣ ಕಾಗೆ, ತಂಗಿ ಗೂಬೆ. ಇಬ್ಬರೂ ದೊಡ್ಡ ಡಾಕ್ಟರ ಗತ್ತಿನಲ್ಲಿ ಗಂಟಲು ಸರಿ ಮಾಡಿಕೊಂಡು ಹೇಳಬೇಕು. ಮಂಚದ ಮೇಲೆ ಇನ್ನೊಂದು ಮಗು ಬೊಂಬೆಯಾಗಿ ಮಲಗಿದರಂತೂ ಮುಗಿದೇ ಹೋಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಕಿರುನಾಟಕ ಹುಡುಕುವ ಮೇಷ್ಟ್ರುಗಳಿಗೆ ಇದು ಪುಕ್ಕಟೆ ಸಿಗುವ ಒಳ್ಳೆಯ ಪ್ರಸಂಗ.

ಈ ಪುಸ್ತಕದ ಒಂದು ಸಂಗತಿಯನ್ನೂ ಮಕ್ಕಳಿಗೆ ಹೇಳಿ. 1881ರಲ್ಲಿ ಇದು ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ, ಈಗಿನ 15ನೇ ಅಧ್ಯಾಯದ ಕೊನೆಯಲ್ಲಿ ಬೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿ ಕೊಲ್ಲೋದಿ ಕಥೆ ಮುಗಿಸಿಬಿಟ್ಟಿದ್ದರು. ಓದುತ್ತಿದ್ದ ಮಕ್ಕಳು ಬಿಡಲಿಲ್ಲ, ಕಥೆ ಮತ್ತೆ ಶುರುವಾಯಿತು. ಅಂದರೆ ಕಾಗೆ, ಗೂಬೆಗಳ ಈ ಜಗಳ ಇರುವುದೇ ಆ ಮಕ್ಕಳು ಹಟ ಹಿಡಿದಿದ್ದರಿಂದ. ಸತ್ತಿದ್ದಾನೋ ಬದುಕಿದ್ದಾನೋ ಅನ್ನುವ ಪ್ರಶ್ನೆ ಆಗಿನ ಓದುಗರಿಗೆ ಬರೀ ತಮಾಷೆ ಆಗಿರಲಿಲ್ಲ, ಅಲ್ವಾ?

ಏಳನೇ ಹಂತ: ದೂರ ಇರುವವರಿಗೆ ಕಳಿಸುವಾಗ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಬರೆದು ಕಳಿಸುವುದಕ್ಕಿಂತ ದನಿ ಸಂದೇಶ ಒಳ್ಳೆಯದು. ನಮ್ಮ ಸಂಬಂಧಿಕರ ಮಕ್ಕಳು ದುಬೈನಲ್ಲೋ ಅಮೆರಿಕದಲ್ಲೋ ಬೆಳೆಯುತ್ತಿರುತ್ತಾರೆ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ಬರೆದ ಸಾಲು ಮುಟ್ಟುವುದಿಲ್ಲ, ಚಿಕ್ಕಮ್ಮನ ದನಿ ಮುಟ್ಟುತ್ತದೆ. ಒಂದೂವರೆ ನಿಮಿಷ ದಾಟಬೇಡಿ. ಕೊನೆಯ ಮಾತಾದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ. "ಹೇಗಿತ್ತು? ನಗು ಬಂತಾ?" ಅಂತ ಸೇರಿಸಬೇಡಿ.

ಬರೆದೇ ಕಳಿಸುವುದಾದರೆ ಹಿನ್ನೆಲೆಯನ್ನು ಒಂದು ಪ್ಯಾರಾ, ಸಾಲನ್ನು ಬೇರೆ ಪ್ಯಾರಾ ಮಾಡಿ. ನಗುವ ಇಮೋಜಿ ಹಾಕುವುದನ್ನು ಓದಿದವರಿಗೇ ಬಿಡಿ. ಕೆಳಗೆ ಪುಸ್ತಕದ ಹೆಸರು, ಬರೆದವರ ಹೆಸರು, ಅಧ್ಯಾಯ ಇರಲೇಬೇಕು. ಹೆಸರಿಲ್ಲದ ಸಾಲು ನಾಲ್ಕು ಗುಂಪು ದಾಟುವಷ್ಟರಲ್ಲಿ ಯಾರದೋ ಹೆಸರು ಅಂಟಿಸಿಕೊಂಡು ವಾಪಸ್ ಬರುತ್ತದೆ. ಮಾರ್ಕ್ ಟ್ವೇನ್ ಹೇಳದೇ ಇದ್ದದ್ದೂ ಅವರ ಹೆಸರಲ್ಲಿ ಬೇಕಾದಷ್ಟು ಓಡಾಡುತ್ತಿದೆ. ನಿಮ್ಮ ಕಣ್ಣಾರೆ ಪುಸ್ತಕದಲ್ಲಿ ನೋಡಿದ್ದನ್ನು ಮಾತ್ರ ಕಳಿಸಿ. ಟ್ವೇನ್, ಸ್ಟೀವನ್‌ಸನ್, ಕೊಲ್ಲೋದಿ ಪುಸ್ತಕಗಳಿಗೆ ಈಗ ಹಕ್ಕುಸ್ವಾಮ್ಯ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಇಂಗ್ಲಿಷ್ ಪಠ್ಯ ಉಚಿತವಾಗಿ ಸಿಗುತ್ತದೆ, ಹೋಲಿಸಿ ನೋಡಬಹುದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತದೆ. ಹೊಸ ಪುಸ್ತಕವಾದರೆ ಒಂದೆರಡು ಸಾಲು ಹಂಚಿ, ಪುಟಗಟ್ಟಲೆ ಫೋಟೋ ತೆಗೆದು ಕಳಿಸಬೇಡಿ. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರು, ಅನುವಾದ ಮಾಡುವವರು ಬಹಳ ಕಷ್ಟಪಟ್ಟು ಮಾಡುತ್ತಾರೆ. ಅವರ ಪುಸ್ತಕವನ್ನು ಕೊಂಡೇ ಓದಬೇಕು.

ಕಥೆಯ ಗುಟ್ಟನ್ನು ಬಿಟ್ಟುಕೊಡುವ ಸಾಲನ್ನಂತೂ ಕಳಿಸಲೇಬೇಡಿ. ಬೆನ್ ಗನ್ ಚೀಸ್ ಕೇಳಿದ ಅಂತ ಹೇಳಬಹುದು. ನಿಧಿಯ ವಿಷಯದಲ್ಲಿ ಅವನು ಏನು ಮಾಡಿದ್ದ ಅನ್ನುವುದನ್ನು ಓದುವವರೇ ಕಂಡುಕೊಳ್ಳಲಿ.

ಎಲ್ಲ ನಗುವನ್ನೂ ದಾಟಿಸಬೇಕಿಲ್ಲ

ಹಳೆಯ ಸಾಹಸದ ಪುಸ್ತಕಗಳಲ್ಲಿ ಇಂದು ನಾವು ಒಪ್ಪಲಾಗದ ಮಾತುಗಳಿವೆ. 'ಟಾಮ್ ಸಾಯರ್' ಕಥೆ ನಡೆಯುವುದು ಗುಲಾಮಗಿರಿ ಇದ್ದ ಕಾಲದ ಮಿಸೌರಿಯಲ್ಲಿ. ಕಪ್ಪು ಜನರನ್ನು ಹೀಗಳೆಯುವ ಪದಗಳು ಅಲ್ಲಿ ಸಲೀಸಾಗಿ ಬರುತ್ತವೆ. ಕಥೆಯ ಖಳನನ್ನು ಅವನ ಮೂಲನಿವಾಸಿ ಕುಲದ ಹೆಸರು ಹಿಡಿದೇ ಕರೆಯುತ್ತಾರೆ. ಇನ್ನು ಕೆಲವು ಪುಸ್ತಕಗಳಲ್ಲಿ ದಪ್ಪಗಿರುವವರು, ಉಗ್ಗುವವರು, ಬೇರೆ ದೇಶದವರು ಬಂದ ಕೂಡಲೇ ನಗಬೇಕು ಅಂತ ಬರೆದಿರುತ್ತಾರೆ. ಅವನ್ನು ಹಂಚಬೇಡಿ. ಮಗು ತಾನಾಗಿಯೇ ಅದನ್ನು ತೋರಿಸಿ ನಕ್ಕರೆ ಗದರಬೇಡಿ, ಪುಸ್ತಕ ಕಿತ್ತುಕೊಳ್ಳಬೇಡಿ. "ಇಲ್ಲಿ ನಗುತ್ತಿರುವವರು ಯಾರು, ನೋವಾಗುತ್ತಿರುವುದು ಯಾರಿಗೆ?" ಅಂತ ಕೇಳಿ. ಎಂಟು ಹತ್ತು ವರ್ಷದ ಮಕ್ಕಳು ಇದಕ್ಕೆ ಬಹಳ ಚೆನ್ನಾಗಿ ಉತ್ತರ ಕೊಡುತ್ತಾರೆ.

ಕೊನೆಯ ಹಂತ: ಮಕ್ಕಳ ಸಾಲನ್ನು ಕೇಳಿ

ದೊಡ್ಡವರು ಹಂಚುತ್ತಲೇ ಇದ್ದರೆ ಮಕ್ಕಳು ಪ್ರೇಕ್ಷಕರಾಗಿಬಿಡುತ್ತಾರೆ. ವಾರಕ್ಕೊಂದು ಸಂಜೆ, ಊಟಕ್ಕೆ ಕೂತಾಗ, ಒಬ್ಬರು ಒಂದು ಸಾಲು ತರಬೇಕು ಅಂತ ಮಾಡಿ. ಮಗು ತಂದ ಸಾಲಿಗೆ ನಿಮಗೆ ನಗು ಬರದಿದ್ದರೆ ಸುಮ್ನೆ ನಗಬೇಡಿ, ಅವರಿಗೆ ತಿಳಿದುಬಿಡುತ್ತದೆ. "ಅದಕ್ಕೆ ಮೊದಲು ಏನಾಗಿತ್ತು?" ಅಂತ ಕೇಳಿ. ಮಗು ಹೇಳತೊಡಗುತ್ತದೆ. ದೋಣಿ ಹೇಗೆ ಮಗುಚಿತು, ಗುಹೆಯಲ್ಲಿ ಮೇಣದಬತ್ತಿ ಹೇಗೆ ಮುಗಿಯುತ್ತಾ ಬಂತು, ಎಲ್ಲಾ ಬರುತ್ತದೆ. ಹೇಳುತ್ತಾ ಹೇಳುತ್ತಾ ಅದು ಮತ್ತೆ ಅದೇ ಸಾಲಿಗೆ ಬಂದಾಗ ನಿಮಗೂ ನಗು ಬರುತ್ತದೆ. ಹಿನ್ನೆಲೆ ಕಟ್ಟುವುದನ್ನು ಮಕ್ಕಳು ಹೀಗೇ ಕಲಿಯುತ್ತಾರೆ, ಬೇರೆ ತರಬೇತಿ ಏನೂ ಬೇಡ.

ಶಾಲೆಯಲ್ಲೋ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೋ ಮಾಡುವುದಾದರೆ ಒಂದು ಸುಲಭದ ದಾರಿ ಇದೆ. ಪುಸ್ತಕ ವಾಪಸ್ ಕೊಡುವಾಗ ಮಗು ಒಂದು ಚೀಟಿಯಲ್ಲಿ ಹಿನ್ನೆಲೆಯನ್ನು ಮಾತ್ರ ಬರೆದು ಪುಸ್ತಕದೊಳಗೆ ಇಡಲಿ, ಸಾಲನ್ನು ಬರೆಯದಿರಲಿ. "12ನೇ ಅಧ್ಯಾಯ. ಬೆಕ್ಕಿಗೆ ಯಾಕೆ ಹಾಗೆ ಮಾಡಿದೆ ಅಂತ ದೊಡ್ಡಮ್ಮ ಕೇಳಿದಾಗ ಟಾಮ್ ಕೊಟ್ಟ ಉತ್ತರ ಓದು." ಮುಂದೆ ಆ ಪುಸ್ತಕ ಒಯ್ಯುವ ಮಗು ಹುಡುಕಿಕೊಂಡು ಆ ಪುಟಕ್ಕೆ ಹೋಗುತ್ತದೆ, ತನಗೆ ನಗು ಬಂದ ಜಾಗದ ಚೀಟಿಯನ್ನೂ ಸೇರಿಸುತ್ತದೆ. ಚೀಟಿಯ ಮೇಲೆ ಹೆಸರು, ತರಗತಿ ಬರೆಸಿ. ಯಾರ ಚೀಟಿ ಓದಿ ನಕ್ಕೆವು ಅಂತ ಹುಡುಗರು ಆಟದ ಬಯಲಲ್ಲಿ ತಾವೇ ಹುಡುಕಿಕೊಂಡು ಹೋಗಿ ಮಾತಾಡುತ್ತಾರೆ.